ಹಿಟ್ಟಿನ ಇಟ್ಟಿಗೆ

ಆ ಇಟ್ಟಿಗೆ ಮನೆಗೆ ಹೇಗೆ ಬಂತೆಂದು
ಬೀಬಿ ವಬ್ರಿಯಾಳನ್ನು ಕೇಳಬೇಡಿ.
ಅವಳ ಅತ್ತೆಯ ಅತ್ತೆಗೂ ಗೊತ್ತಿರಲಿಲ್ಲ.
ಹಿಲ್ಲಾದ ಹಳೇ ಗೋಡೆಗಳೆಷ್ಟೋ ಹಾಗೇ,
ದಿಬ್ಬದಿಂದ ಕತ್ತೆಯ ಬೆನ್ನೇರಿ ಬಂದವು.
ಚಳಿಮಳೆ ಹಿಡಿಯುವ ಮೊದಲು
ಗೋಡೆ ಏಳಬೇಕಿತ್ತು, ಅಷ್ಟೆ.

ಒಂದೂವರೆ ಗೇಣಿನ ಚೌಕ,
ನಡುವೆ ಮೊಳೆ ಹೊಡೆದಂಥ ಅಕ್ಷರ.
ಅದರ ಮೇಲೆ ಬೀಬಿ ಹಿಟ್ಟು ತಟ್ಟುತ್ತಿದ್ದಳು.
ಎತ್ತಿದರೆ ಹಿಟ್ಟಿನ ಬೆನ್ನಲ್ಲಿ
ದೊರೆಯ ಹೆಸರು ಹಿಂದುಮುಂದಾಗಿ ಮೂಡಿ,
ತನೂರಿನ ಬೆಂಕಿಗೆ ಉಬ್ಬಿ, ಅಲ್ಲಲ್ಲಿ ಕರಿಕಾಗಿ
ನಮ್ಮ ಕೈಗೆ ಬರುತ್ತಿತ್ತು.
ಬಿಸ್ಮಿಲ್ಲಾ ಅಂದು ಹರಿದು,
ಖರ್ಜೂರದ ಪಾಕದಲ್ಲಿ ಅದ್ದಿ ನುಂಗುತ್ತಿದ್ದೆವು
ಬಾಬಿಲಿನ ಬುಖ್ತನಸ್ಸರನನ್ನು.

ದೊರೆಯ ಬಗ್ಗೆ ಬೀಬಿಗೆ ತಕರಾರಿರಲಿಲ್ಲ.
ತಕರಾರೆಲ್ಲ ನಾಯಿಯ ಮೇಲೆ.
ಇಟ್ಟಿಗೆಯ ಮೂಲೆಯಲ್ಲೊಂದು ಹೆಜ್ಜೆ,
ನಾಲ್ಕು ಬೆರಳು, ಒಂದು ಅಂಗಾಲು,
ಹಸಿಮಣ್ಣು ಒಣಗಲು ಬಿಟ್ಟ ಮಧ್ಯಾಹ್ನ
ಯಾವುದೋ ನಾಯಿ ದಾಟಿಹೋದ ಗುರುತು.
ಮದುವೆಯಾಗಿ ಬಂದ ವರ್ಷವೇ ಮುಲ್ಲಾನನ್ನು ಕೇಳಿಸಿದಳಂತೆ:
ಹಸಿಯಿದ್ದಾಗ ನಾಯಿ ತುಳಿದದ್ದು, ಮೈಲಿಗೆಯಲ್ಲವೆ?
ಮುದುಕ ಗಡ್ಡ ನೀವಿಕೊಂಡು ಹೇಳಿ ಕಳಿಸಿದನಂತೆ:
ಮಗಳೇ, ಬಿಸಿಲೂ ಶುದ್ಧಮಾಡುತ್ತದೆ.
ಎರಡೂವರೆ ಸಾವಿರ ವರ್ಷದ ಬಿಸಿಲು ನಿನಗೆ ಸಾಲದೆ?
ಆದರೂ ಆ ಮೂಲೆಗೆ ಅವಳು
ಒಂದು ದಿನವೂ ಹಿಟ್ಟು ತಾಗಿಸಲಿಲ್ಲ.

ನಾನೀಗ ಅದೇ ದಿಬ್ಬದ ರಾತ್ರಿ ಕಾವಲುಗಾರ.
ಸಂಬಳ ಸರ್ಕಾರದ್ದು, ಟಾರ್ಚು ನನ್ನದು.
ಹಳೆ ಗೋಡೆಯ ಮೇಲೆ ಹೊಸ ಗೋಡೆ ಎಬ್ಬಿಸಿದವನು
ತನ್ನ ಹೆಸರನ್ನೂ ಇಟ್ಟಿಗೆಗೆ ಒತ್ತಿಸಿದ.
ಆಗ ನಾನು ಮೂರನೇ ಕ್ಲಾಸು.
ರಟ್ಟಿನ ಗುರಾಣಿ ಕೊಟ್ಟು, ಹತ್ತಿಯ ಗಡ್ಡ ಅಂಟಿಸಿ,
ಬುಖ್ತನಸ್ಸರನ ಸೈನಿಕನ ಮಾಡಿ
ಬಿಸಿಲಲ್ಲಿ ನಿಲ್ಲಿಸಿದ್ದರು.
ಅಪ್ಪ ಗಡಿಯಲ್ಲಿದ್ದ, ನಿಜದ ಸೈನಿಕ.
ನನ್ನ ಗಡ್ಡ ಅವನು ನೋಡಲಿಲ್ಲ.
ಆ ಹೊಸ ಇಟ್ಟಿಗೆಗೆ ಈಗಾಗಲೇ ಉಪ್ಪು ಹತ್ತಿದೆ,
ಉಗುರು ತಾಗಿದರೆ ಉದುರುತ್ತದೆ.

ಶುಕ್ರವಾರ ಮಿಂಬರಿನಿಂದ ಕೇಳುತ್ತದೆ:
ಅದೆಲ್ಲ ಅಜ್ಞಾನದ ಕಾಲ.
ಭಾನುವಾರ ಶಾಲೆಯಲ್ಲಿ ಮಗಳು ಉರುಹೊಡೆಯುತ್ತಾಳೆ:
ಜಗತ್ತಿಗೆ ಅಕ್ಷರ ಕೊಟ್ಟವರು ನಾವು.
ನಡುವೆ ಶನಿವಾರವೊಂದು ರಜೆಯಿದೆ, ಪುಣ್ಯ.
ಮಗಳ ಹೆಸರು ಸೂಮರ್.
ಅವಳಮ್ಮ ಬೇರೆ ಹೆಸರಿಡೋಣವೆಂದು ಅತ್ತಳು,
ಹಾಗಾಗಿ ಕಾಗದಕ್ಕೊಂದು, ಕೂಗುವುದಕ್ಕೊಂದು.
ಅಕ್ಷರ ಕೊಟ್ಟೆವು, ಇರಬಹುದು.
ನಮ್ಮ ಮನೆಯಲ್ಲಿ ಅದು ಗೊತ್ತಿದ್ದದ್ದು
ಹಿಟ್ಟಿಗೆ ಮಾತ್ರ.

ಹೋದ ವರ್ಷ ಮ್ಯೂಸಿಯಮ್ಮಿನ ಲುವಯ್ ಬಂದ,
ಬಿಳೀ ಕೈಚೀಲ ತೊಟ್ಟು, ಕೂಸನ್ನೆತ್ತುವಂತೆ ಎತ್ತಿಕೊಂಡ.
ಕಾವಲುಗಾರನ ಮನೆಯಲ್ಲೇ ಕಳವಿನ ಮಾಲೆ, ಎಂದು ನಕ್ಕ.
ನಾನು ನಗಲಿಲ್ಲ.
ರಶೀದಿ ಬರೆದು ಕೊಟ್ಟ, ಅದರಲ್ಲೊಂದು ನಂಬರು.
ಬೀಬಿ ರಶೀದಿಯನ್ನು ತಲೆಕೆಳಗಾಗಿ ಹಿಡಿದು
ಸುಮಾರು ಹೊತ್ತು ನೋಡಿದಳು.
ಆಮೇಲೆ ಅಂದಳು:
ಆ ನಾಯಿ ಮೂಲೆ ಜೋಪಾನ ಮಗನೇ,
ಮುಟ್ಟಿದರೆ ಕೈ ತೊಳೆದುಕೊ.

ಈಗ ಅದು ಗಾಜಿನೊಳಗಿದೆ.
ಪಕ್ಕದ ಚೀಟಿಯಲ್ಲಿ ದೊರೆ ಇದ್ದಾನೆ, ದೊರೆಯ ಅಪ್ಪ ಇದ್ದಾನೆ,
ಅವರು ಸಾಕಿದ ಎರಡು ಗುಡಿಗಳಿವೆ.
ಅಕ್ಷರದ ಸಂದಿಯಲ್ಲಿ ಬೆಳ್ಳಗೆ ಏನೋ ಇದೆ,
ಅದು ಸುಣ್ಣವಲ್ಲವೆಂದು ನಾನು ಯಾರಿಗೂ ಹೇಳಿಲ್ಲ.
ಸೂಮರ್ ಗಾಜಿಗೆ ಮೂಗೊತ್ತಿ ಕಿರುಚಿದಳು:
ಅಪ್ಪಾ, ನಾಯಿ!
ಇಡೀ ಕ್ಲಾಸು ಅಲ್ಲಿಗೇ ನುಗ್ಗಿತು,
ದೊರೆಯನ್ನು ಬಿಟ್ಟು.

ಬೀಬಿಗೆ ತೊಂಬತ್ತು ದಾಟಿರಬೇಕು.
ಸ್ನಾನದ ಮನೆಯಲ್ಲಿ ಮಿಕ್ಕ ಒಂದು ಟೈಲಿನ ಮೇಲೆ ತಟ್ಟುತ್ತಾಳೆ,
ರೊಟ್ಟಿ ನುಣ್ಣಗೆ, ಬೋಳು ಬೋಳು.
ಒಮ್ಮೊಮ್ಮೆ ತನೂರಿಗೆ ಬಡಿಯುವ ಮುಂಚೆ
ಉಗುರಿನಿಂದ ಓರೆಯಾಗಿ ಚುಚ್ಚುತ್ತಾಳೆ,
ಒಂದು ಸಾಲು, ಅದರ ಕೆಳಗೊಂದು ಸಾಲು.
ಏನು ಬರೆದೆ ಬೀಬಿ, ಎಂದರೆ
ಗಾಳಿ ಹೋಗಲಿಕ್ಕೆ, ಅನ್ನುತ್ತಾಳೆ.