ನಾಲ್ಕನೇ ಗುಳಿ

ಬೆಳಗಿನ ಐದೂವರೆ, ಕೆರಗೋಡಿನಾಚೆ,
ಜವರಮ್ಮನ ಕೊಟ್ಟಿಗೆಯ ಒಂಟಿ ಬಲ್ಬಿನ ಕೆಳಗೆ
ನನ್ನ ನಾಲ್ಕು ಗುಳಿಯ ತಟ್ಟೆ.
ಮೊಲೆಗೊಂದು ಗುಳಿ, ಗುಳಿಗೆ ಎರಡು ಸೆಳೆ ಹಾಲು,
ಅಷ್ಟೇ ನೇರಳೆ ದ್ರಾವಣ.
ಮೊರದಲ್ಲಿ ರಾಗಿ ಆಡಿಸುವಷ್ಟೇ ಮೆಲ್ಲಗೆ ಆಡಿಸಿದೆ.

ಮೂರರಲ್ಲಿ ಹಾಲು ಹಾಲಿನಂತೆ ಓಡಾಡಿತು.
ನಾಲ್ಕನೆಯದು ನಿಂತಿತು.
ತಟ್ಟೆ ಬಾಗಿಸಿದರೆ ಲೋಳೆಸರದ ತಿರುಳಿನ ಹಾಗೆ
ಇಡಿಯಾಗಿ ಜಾರಿ, ಅಂಚಿನಲ್ಲಿ ತೂಗಿತು,
ಬೀಳಲಿಲ್ಲ.

"ಕಣ್ಣಾಗದೆ ಕಣವ್ವ. ಮೊನ್ನೆ ಒಬ್ಬ ಗಾಡಿ ನಿಲ್ಸಿ
ಇದ್ರ ಕೆಚ್ಲನ್ನೇ ನೋಡ್ತಿದ್ದ" ಅಂದಳು ಜವರಮ್ಮ.
ಕೆಂದಿಯ ಹಿಂದಿನ ಎಡ ಮೊಲೆ
ಹೆಂಚಿನಷ್ಟು ಬಿಸಿ.

ಆ ಲೋಳೆ ಏನೆಂದು ನನಗೆ ಗೊತ್ತು.
ಹೇಳುವ ಬಗೆ ಗೊತ್ತಿಲ್ಲ.
ಪುಸ್ತಕದ ಮಾತೂ ಕೊಟ್ಟಿಗೆಯ ಬಾಗಿಲಲ್ಲಿ
ತಲೆ ತಗ್ಗಿಸಿಯೇ ಒಳಗೆ ಬರಬೇಕು.

ನಾಲೆ ಏರಿ ಒಡೆದ ರಾತ್ರಿ ನೆನಪಿದೆಯಾ, ಅಂದೆ.
ಕೂಗು ಕಿವಿಗೆ ಬಿದ್ದವರೆಲ್ಲ ಗುದ್ದಲಿ ಮಂಕರಿ ಹಿಡಿದು
ಓಡಿದ್ದರಲ್ಲ, ಹಾಗೆ
ನೆತ್ತರಿನಿಂದ ಬರುತ್ತವೆ ಬಿಳಿ ಕಣಗಳು,
ನಾಳದ ಗೋಡೆಯ ಸಂದಿನಲ್ಲಿ ಮೈ ಹಿಂಡಿಕೊಂಡು,
ಲಕ್ಷ, ಹತ್ತು ಲಕ್ಷ, ಹಾಲಿನ ಕತ್ತಲೆಗೆ.
ಹಾಲಿನಲ್ಲಿ ಕೆಲಸ ಕಷ್ಟ. ಬೆಣ್ಣೆಯ ಹನಿಯನ್ನೂ
ಕ್ರಿಮಿಯ ಜತೆಗೇ ನುಂಗಿ, ಹೊಟ್ಟೆ ಭಾರವಾಗಿ
ಮಂಕು ಕವಿದು ಕೂತುಬಿಡುತ್ತವೆ ಕೆಲವು.

ಉಳಿದವಕ್ಕೆ ವಿಷ ಕಾದಿರುತ್ತದೆ.
ದ್ರಾಕ್ಷಿಗೊಂಚಲಿನಂತೆ ಕೂತ ಆ ಗುಂಡು ಕ್ರಿಮಿ
ಅದನ್ನು ಎರಡು ತುಂಡಾಗಿ ಉಗುಳುತ್ತದೆ.
ಬೇರೆಬೇರೆ ಇದ್ದರೆ ಎರಡೂ ಸಾಧು.
ಮೊದಲನೆಯದು ಹೋಗಿ ಕೂರುವುದು ಕಣದ ಕಿವಿಯಲ್ಲಿ.
ಯಾವ ಕಿವಿಗೆ "ಒಡೀತು, ಬನ್ರೋ" ಕೇಳಿಸಿತ್ತೋ
ಅದೇ ಕಿವಿ.
ಇನ್ನೊಂದು ಬಂದು ಪಕ್ಕ ಸೇರುತ್ತದೆ,
ಮತ್ತೊಂದು, ಮತ್ತೊಂದು. ಎಂಟಾದಾಗ
ಬಳೆಯಂತೆ ಸುತ್ತುಗಟ್ಟಿ, ಪೊರೆಯಲ್ಲಿ ತೂತು.
ಏರಿ ಕಟ್ಟಲು ಬಂದವನ ಮೈಯೇರಿಯೇ ಒಡೆದು
ನೀರು ನುಗ್ಗುತ್ತದೆ. ಉಬ್ಬುತ್ತದೆ. ಬಿರಿಯುತ್ತದೆ.
ಒಳಗೆ ಸುತ್ತಿಟ್ಟ ವಂಶದ ನೂಲುಂಡೆ ಬಿಚ್ಚಿ
ಹಾಲಿನ ತುಂಬ ಹರಡಿಕೊಳ್ಳುತ್ತದೆ.

ಗುಳಿಯಲ್ಲಿ ಅಂಟಂಟಾಗಿರುವುದು ಆ ನೂಲು, ಜವರಮ್ಮ.
ಅಷ್ಟರಲ್ಲೂ ಬದುಕಿದ್ದವನ್ನು ಒಡೆದದ್ದು
ನನ್ನ ದ್ರಾವಣ. ಕೊಟ್ಟಿಗೆಯಲ್ಲಿ ಅಂದಾಜು ಹಿಡಿಯಲು
ನನ್ನ ಬಳಿ ಇರುವುದು ಅದೊಂದೇ.

ಅವಳು ಬಹಳ ಹೊತ್ತು ತಟ್ಟೆ ನೋಡಿದಳು.
"ಕರ್ದೋರ್ಯಾರು ಅವ್ರನ್ನ?"
ಕೆಚ್ಚಲೇ.
"ಕರೀದೆ ಇದ್ದಿದ್ರೆ?"
ಕೆಂದಿ ಇರುತ್ತಿತ್ತೋ ಇಲ್ಲವೋ.
"ಹೂಂ" ಅಂದು ಸೆರಗಿನಿಂದ ಆ ಮೊಲೆ ಒರೆಸಿದಳು.
ಅದೇ ಸೆರಗು ಉಳಿದ ಮೂರಕ್ಕೂ ಹೋಗುತ್ತಿತ್ತು,
ಕೈ ಹಿಡಿದೆ. ಕ್ರಿಮಿ ದಾಟುವುದು ಹೀಗೇ.
ಇಬ್ಬರೂ ಕೈ ತೊಳೆದೆವು.

ಔಷಧಿಯ ಟ್ಯೂಬು ಏರಿಸಿದ್ದಾಯಿತು.
ಐದು ದಿನ ಹಾಲು ಡೈರಿಗಿಲ್ಲ, ನೆನಪಿರಲಿ.
ಬೆರಳ ಗೆಣ್ಣಿನಲ್ಲಿ ಲೀಟರು ಎಣಿಸತೊಡಗಿ
ಅರ್ಧಕ್ಕೇ ಬಿಟ್ಟಳು. "ಮೂರು ಮೊಲೆ ಅವಲ್ಲ, ಬುಡಿ."

ಕೆಟ್ಟ ಹಾಲನ್ನು ಚರಂಡಿಗೆ ಚೆಲ್ಲುವಂತಿಲ್ಲ,
ಗುಳಿ ತೋಡಿ, ಬ್ಲೀಚಿಂಗ್ ಪೌಡರ್ ಹಾಕಿ ಹೂಳಬೇಕು.
"ಕಾಲ್ತುಳಿಯೋ ತಾವು ಬ್ಯಾಡ" ಅಂದು
ಹಿತ್ತಲ ಹೊಂಗೆ ಬುಡದಲ್ಲಿ ತಾನೇ ಅಗೆದಳು.
ಪೌಡರು ನನ್ನ ಲೆಕ್ಕದಷ್ಟು ಹಾಕಿದಳು.
ಅದರ ಮೇಲೆ ಮೂರು ಹಿಡಿ ಮಣ್ಣು,
ಅವಳ ಲೆಕ್ಕದ್ದು.

ಸ್ಕೂಟರು ಹತ್ತುವಾಗ ಕೆಂದಿ
ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು.
ಅದರ ಮೂಳೆಗಳೊಳಗೆ, ಆ ಹೊತ್ತಿಗೇ, ಯಾರೋ
ಮಂಕರಿ ಹೆಣೆಯುತ್ತಿದ್ದರು.