ಹಂಡೆ ನೀರು

ಬಣಕಲ್ ಹೈಸ್ಕೂಲಿನ ಎಂಟನೇ ಬಿ ಸೆಕ್ಷನ್ನಿನಲ್ಲಿ
ಕರಿಹಲಗೆಯ ಕೆಳಗೆ ಶಶಿಕಲಾ ಮಲಗಿದ್ದಾಳೆ.
ಹಲಗೆಯ ಮೇಲೆ ಯಾರೂ ಅಳಿಸದ ಲೆಕ್ಕ:
ಒಂದು ತೊಟ್ಟಿ ತುಂಬಲು ಎರಡು ನಲ್ಲಿಗೆ ಎಷ್ಟು ಹೊತ್ತು?
ಹನ್ನೊಂದು ದಿನದ ಕೂಸು
ಜೋಡಿಸಿದ ಬೆಂಚಿನ ಮೇಲೆ ಅಳುತ್ತದೆ,
ಅವಳು ಮಾಡಿನ ಹಂಚು ಎಣಿಸುತ್ತಾಳೆ.

ನನ್ನ ಕೈಯಲ್ಲಿ ಒಂದು ಹಾಳೆ.
ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ದಿನದ ತರಬೇತಿ,
ಮಧ್ಯಾಹ್ನ ಪಲಾವು, ಸಂಜೆ ಸಹಿ.
ಕಳೆದ ವಾರ ನಿಮಗೆ ನಗು ಬಂದಿತ್ತೇ?
ಕಾರಣವಿಲ್ಲದೆ ಹೆದರಿಕೆ ಆಯಿತೇ?
ಅಲ್ಲಿಗೆ ಬಂದಾಗ ನನ್ನ ನಾಲಗೆಯೇ ತಡವರಿಸಿತು.
ಕಾರಣ ಕಿಟಕಿಯಾಚೆ ಕಾಣುತ್ತಿತ್ತು,
ಗುಡ್ಡದ ಮೈಯಲ್ಲಿ, ಕೆಂಪಗೆ, ಚರ್ಮ ಸುಲಿದ ಹಾಗೆ.

ಬಂದವರೆಲ್ಲ ಹೇಳಿ ಹೋಗುತ್ತಾರೆ:
ಪುಣ್ಯವಂತೆ, ಎರಡು ಜೀವ ಉಳೀತು.
ಅಳಬೇಡ, ಹಾಲು ಬತ್ತುತ್ತೆ.
ಮಗು ಮುಖ ನೋಡ್ಕೊಂಡು ಮರಿ.
ಅವಳು ಆ ಮುಖವೊಂದನ್ನು ಬಿಟ್ಟು
ಮಿಕ್ಕಿದ್ದೆಲ್ಲ ನೋಡುತ್ತಾಳೆ.

ಮೂರನೇ ಪ್ರಶ್ನೆಗೆ ಬಾಯಿ ಬಿಟ್ಟಳು:
“ನಮ್ ಲೈನ್‌ಮನೆ ಹಂಡೆ ಸಿಕ್ತಾ ಅಕ್ಕಾ?”

ಹಂಡೆ. ತಾಮ್ರದ್ದು.
ಕಾಫಿ ಕೊಯ್ಲಿನ ಬೋನಸ್ಸಲ್ಲಿ ಅತ್ತೆ ತಂದದ್ದು.
ಸೊಸೆಯ ಬಾಣಂತನಕ್ಕೆಂದು
ಹುಣಸೇಹಣ್ಣು ಹಾಕಿ ತಿಕ್ಕಿ
ಒಲೆ ಮೇಲೆ ಕವುಚಿಟ್ಟಿದ್ದಳಂತೆ.

ಹಾಳೆ ಮಡಚಿ ಚೀಲಕ್ಕೆ ತುರುಕಿದೆ.

ಬಿಸಿಯೂಟದ ಜುಬೇದಮ್ಮ ಸಾರಿನ ಡಬರಿ ಉಜ್ಜಿ
ನೀರಿಟ್ಟಳು. “ಮೇಷ್ಟ್ರು ಕೇಳಿದ್ರೆ ಹೇಳು,
ಇವತ್ತು ಸಾರು ತಡ.”
ಸೈನ್ಸ್ ಲ್ಯಾಬಿನ ಹಿಂದೆ ಟಾರ್ಪಾಲು ಕಟ್ಟಿದೆವು.
ಏಳು ತಿಂಗಳ ಬಸುರಿ ಫ್ಲೋರಾ
ಕೂಸನ್ನೆತ್ತಿಕೊಂಡು ಹೊರಗೆ ಕುಂತಳು.
ಹೊಟ್ಟೆಯೊಳಗೆ ಒದ್ದಾಗಲೆಲ್ಲ ಬೆಟ್ಟ ಬಂತೆಂದು
ನಡುರಾತ್ರಿ ಎದ್ದು ಕೂರುವವಳು ಅವಳೂ.

ಸೀಗೆಪುಡಿ ಇಲ್ಲ. ಕಿಟ್ಟಿನಲ್ಲಿ ಬಂದ ಸೋಪು.
ಮೊದಲ ಚೊಂಬಿಗೆ ಶಶಿಕಲಾ ಮೈ ಸೆಟೆದಳು.
ನೀರಿನ ಸದ್ದಿಗೆ ಬೆಚ್ಚುವವಳ ನೆತ್ತಿಗೆ
ನೀರನ್ನೇ ಸುರಿಯುತ್ತಿದ್ದೇನಲ್ಲ ಎಂದು ನನಗೂ ಅಳುಕು.
ಐದೋ ಆರೋ ಚೊಂಬಿಗೆ, ಹಬೆಯೊಳಗಿಂದ:

“ಎರಡು ಕೈಯೂ ಹೊಟ್ಟೆ ಮೇಲಿತ್ತು ಅಕ್ಕಾ.
ಅತ್ತೆ ಕೈ ಚಾಚಿದ್ರು.
ನಾನು ಹೊಟ್ಟೆ ಬಿಡ್ಲಿಲ್ಲ.”

ನಿನ್ನ ತಪ್ಪಲ್ಲ ಎನ್ನಲು ಹೇಳಿಕೊಟ್ಟಿದ್ದರು.
ಅದು ಗಂಟಲಿಗೆ ಬಂದು, ಬಾಯಿಗೆ ಬರಲಿಲ್ಲ.
ಇನ್ನೊಂದು ಚೊಂಬು ಹುಯ್ದೆ.
ಜುಬೇದಮ್ಮ ಬೆನ್ನು ನೀವುತ್ತ ಕೇಳಿದಳು,
“ನಿಮ್ಮತ್ತೆ ಹೆಸರೇನವ್ವಾ?”

ಹನ್ನೊಂದು ದಿನದಲ್ಲಿ ಯಾರೂ ಕೇಳಿರಲಿಲ್ಲ.
ಗೋಡೆಯ ಪಟ್ಟಿಯಲ್ಲಿ ಅದಕ್ಕೆ ನಂಬರು ಇತ್ತು.

“ದೇವೀರಮ್ಮ.”

ಆಮೇಲಿನದನ್ನು ಅಳು ಎಂದರೆ ಸಾಲದು.
ಎದೆಯ ಹಾಲು ತಾನಾಗಿ ಸೋರಿ
ಸೋಪಿನ ನೊರೆಯ ಜೊತೆ ಚರಂಡಿಗೆ ಇಳಿಯಿತು.
ಅವಳು ನೋಡಲಿಲ್ಲ. ನಾವು ತೋರಿಸಲಿಲ್ಲ.

ತಲೆಗೆ ಬಟ್ಟೆ ಬಿಗಿದು, ಕಂಬಳಿ ಹೊದಿಸಿದೆ.
ಹಂಚು ಎಣಿಸದೆ ನಾಲ್ಕು ತಾಸು ಮಲಗಿದಳು.
ಕೂಸಿನ ಮುಖ ನೋಡಿದಳೇ ಎಂದರೆ, ಇಲ್ಲ.

ಚೌಕಗಳಿಗೆ ಗುರುತು ಹಾಕಲಿಲ್ಲ. ಅಂಚಿನಲ್ಲಿ ಬರೆದೆ:
ಚಿಕ್ಕಮಗಳೂರು ಡಾಕ್ಟರಿಗೆ ಇವತ್ತೇ ಫೋನು.
ರಾತ್ರಿ ಒಬ್ಬಳನ್ನೇ ಬಿಡಬಾರದು. ಜುಬೇದಮ್ಮ ಪಕ್ಕದಲ್ಲಿ.
ಹಂಡೆ ಬೇಕು, ಯಾರದಾದರೂ ಸರಿ.

ಚಪ್ಪಲಿ ಮೆಟ್ಟುವಾಗ ಫ್ಲೋರಾ, ಮಲಗಿದ ಕೂಸನ್ನು
ಭುಜ ಬದಲಿಸಿಕೊಳ್ಳುತ್ತ, ನೆಲ ನೋಡಿಕೊಂಡು:
“ಅಕ್ಕಾ, ಆ ಪ್ರಶ್ನೆ
ಬಸುರೀರಿಗೂ ಕೇಳ್ತಾರಾ?”