ತಪಸ್ಸುಕಾಲದ ಮೂರನೇ ಭಾನುವಾರ

ಪ್ರಸಂಗದಲ್ಲಿ ಇವತ್ತು ಸಮಾರ್ಯದ ಹೆಂಗಸು.
ಸ್ವಾಮಿಯವರು ಜೀವಜಲ ಅನ್ನುವಾಗಲೇ
ಮುಂದಿನ ಬೆಂಚಿನ ಸಿಸಿಲಮ್ಮ ತಿರುಗಿ
ಪಿಸುಗುಟ್ಟಿದಳು: ನಿಮ್ಮ ಬೀದಿಗೆ ಟ್ಯಾಂಕರ್ ಬಂತಾ?

ಬಂದಿಲ್ಲ. ಬೋರು ಬತ್ತಿ ಹನ್ನೆರಡು ದಿನ.
ಲಿಂಗರಾಜಪುರದ ಮೂರನೇ ಮಹಡಿಯಲ್ಲಿ
ಅಕ್ಕಿ ತೊಳೆದ ನೀರು ಸೊಪ್ಪಿಗೆ,
ಸೊಪ್ಪು ತೊಳೆದದ್ದು ಕರಿಬೇವಿನ ಕುಂಡಕ್ಕೆ.
ಮಾಂಸ ಬಿಟ್ಟಿದ್ದೇನೆ ನಲವತ್ತು ದಿನ,
ದೊಡ್ಡ ವಿಷಯವಲ್ಲ; ಕುರಿಮಾಂಸದ ರೇಟು ನೋಡಿದರೆ
ವರ್ಷವಿಡೀ ತಪಸ್ಸುಕಾಲವೇ.

ಹುರುಳಿಕಾಳು ಬೇಯಿಸಿ ಕಟ್ಟು ಬಸಿಯುತ್ತ ಯೋಚಿಸಿದೆ:
ಅವನು ಈ ಬಾಗಿಲಿಗೇ ಬಂದು
ಕುಡಿಯಲು ಕೊಡು ಅಂದಿದ್ದರೆ?
ಬಾವಿ ಇಲ್ಲ ಸ್ವಾಮೀ, ಇರುವುದು ಕ್ಯಾನು,
ಅದೂ ಈ ವಾರ ಹತ್ತು ರೂಪಾಯಿ ಜಾಸ್ತಿ
ಅನ್ನುತ್ತಿದ್ದೆನೇನೋ. ಕೊಡುತ್ತಿದ್ದೆ, ನಿಜ.
ಲೋಟ ಮಾತ್ರ ಅರ್ಧವೇ ತುಂಬಿಸುತ್ತಿದ್ದೆ, ಸುಳ್ಳೇಕೆ.

ಸಂಜೆ ಹಾರ್ನು. ಕೊಡ, ಬಕೆಟ್ಟು, ಬಾಂಡ್ಲಿ, ಜಗಳ.
ಪೈಪು ಹಿಡಿದ ಹುಡುಗ ನಯಾಜ್,
ತುಟಿ ಒಡೆದು ಬೆಳ್ಳಗಾಗಿತ್ತು.
ಆರು ಸಾವಿರ ಲೀಟರಿನ ಪಕ್ಕ ನಿಂತವನು
ಬೆಳಗಿನಿಂದ ಹನಿ ಮುಟ್ಟಿಲ್ಲ.
ಲೋಟ ಚಾಚಿದೆ.
ಇನ್ನೂ ಹನ್ನೊಂದು ನಿಮಿಷ ಇದೆ ಆಂಟಿ, ಅಂದ.

ಗೇಟಿನ ಕಂಬದ ಮೇಲೆ ಇಟ್ಟು ಹೋಗಬಹುದಿತ್ತು.
ಹೋಗಲಿಲ್ಲ. ಮೇಲೆ ಒಲೆಯಲ್ಲಿ ಬಸ್ಸಾರು,
ಕೆಳಗಿನ ಮನೆಯವರು ಕೇಳುತ್ತಿದ್ದಾರೆ
ನಿಮ್ಮ ಕೊಡ ತುಂಬಿತಲ್ಲ, ಇನ್ನೇನು ಕಾಯುತ್ತೀರಿ ಅಂತ.
ಲೋಟ ತುಂಬಿತ್ತು ಕಂಠಮಟ್ಟ,
ತುಳುಕದ ಹಾಗೆ ಹಿಡಿಯುವುದೇ ಒಂದು ಕೆಲಸ.

ಗಲ್ಲಿಯ ಕೊನೆಯಲ್ಲಿ ಮೈಕು ಗಂಟಲು ಸರಿಮಾಡಿಕೊಂಡಿತು.
ಕುಡಿದ. ಮೊದಲ ಗುಟುಕಿಗೇ ಮೂಗರಳಿಸಿ ಅಂದ:
ಎಲ್ಲೋ ಸಾರು ಸೀದೋಗ್ತಿದೆ, ಆಂಟಿ.